ತಾತನ ಕೋವಿಯ ನಳಿಗೆ ಸೀಳಿದ ದಿನ

ಪಾಂಡವಪುರ ತಾಲ್ಲೂಕಿನ ನಮ್ಮ ತೊಟ್ಟಿಮನೆಯ ಪಡಸಾಲೆಯಲ್ಲಿ ತಾತನ ಕೇಪಿನ ಕೋವಿ ಗೂಟಕ್ಕೆ ನೇತಾಡುತ್ತಿತ್ತು. ಬಾಯಿಯಿಂದ ಮದ್ದು ತುಂಬಿ, ಹಿಂಬದಿಯ ತೊಟ್ಟಿನ ಮೇಲೆ ಕೇಪು ಅನ್ನೋ ಕಿಡಿ ಹಾರಿಸುವ ಪುಟ್ಟ ಟೊಪ್ಪಿ ಇಟ್ಟು ಹೊಡೆಯುವ ಹಳೇ ಕೋವಿ ಅದು. ಬೇಸಿಗೆ ರಜದಲ್ಲಿ ನಾವು ಮಕ್ಕಳೆಲ್ಲ ಅದರ ಕೆಳಗೇ ಚಾಪೆ ಹಾಸಿ ಮಲಗುತ್ತಿದ್ದೆವು. ತಾತ ಹೋದ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಮರದ ಹಿಡಿ ಹುಳ ತಿಂದು ಉದುರಿತು. ಉಳಿದದ್ದು ಕಬ್ಬಿಣದ ನಳಿಗೆ, ಮದ್ದು ಜಡಿಯುವ ಉದ್ದ ಸರಳು, ಅಂದರೆ ಅದರ ಗಜ.

ನಾನು ಮಂಡ್ಯದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಲೋಹದ ಪಾಠ ಮಾಡುವವನು. ನಳಿಗೆಯನ್ನು ಉದ್ದುದ್ದ ಸೀಳಿ ಅವರಿಗೆ ತೋರಿಸುವ ಆಸೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ನಳಿಗೆ ಮೊಟಕು ಮಾಡಲಿಕ್ಕೂ ಲೈಸೆನ್ಸ್ ಬೇಕು, ಸುಮ್ನೆ ಗರಗಸ ಇಡುವ ಹಾಗಿಲ್ಲ. ಕಾಗದಪತ್ರ ಕೈಗೆ ಬಂದ ಮೇಲೇ ಲೇತ್ ಶಾಪಿಗೆ ಒಯ್ದೆ.

ಅಲ್ಲಿನ ಹಿರಿಯ ಮೇಸ್ತ್ರಿ ಮೊದಲು ಗಜ ಇಸಿದುಕೊಂಡರು. ನಳಿಗೆಯೊಳಗೆ ಅದನ್ನು ಪೂರ್ತಿ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಆಮೇಲೆ ಹೊರಗೆ ತೆಗೆದು, ಗುರುತನ್ನು ಬಾಯಿಗೆ ಸರಿಯಾಗಿಟ್ಟು ನಳಿಗೆಯ ಮೇಲೇ ಮಲಗಿಸಿದರು. ಗಜದ ತುದಿ ಕೇಪು ಕೂರುವ ತೊಟ್ಟಿನ ಹತ್ತಿರ ಬರಬೇಕಿತ್ತು. ಅದಕ್ಕೆ ನಾಲ್ಕು ಬೆರಳು ಮೊದಲೇ ನಿಂತಿತ್ತು.

"ಒಳ್ಗಡೆ ಮದ್ದು ಐತೆ ಮೇಷ್ಟ್ರೇ."

ನನ್ನ ಕೈ ತಣ್ಣಗಾಯಿತು. ಕರಿಮದ್ದಿಗೆ ವಯಸ್ಸಾಗುವುದಿಲ್ಲ, ಒಣಗಿದ್ದರೆ ಸಾಕು, ಎಷ್ಟು ವರ್ಷ ಕಳೆದರೂ ಹತ್ತಿಕೊಳ್ಳುತ್ತದೆ. ಅದರಲ್ಲಿ 100ಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಉಳಿದದ್ದು ಇದ್ದಿಲು, ಗಂಧಕ. ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಬಾಯಿ ಮೇಲೆ ಮಾಡಿ ನಿಲ್ಲಿಸಿ, ನೀರು ತುಂಬಿ ಮೂರು ದಿನ ಬಿಟ್ಟೆವು. ಕೇಪಿನ ಕಿಡಿ ಒಳಗೆ ಹೋಗುವ ತೂತಿನಿಂದ ನೀರು ಜಿನುಗಬೇಕು, ಅಲ್ವಾ? ಒಂದು ಹನಿಯೂ ಬರಲಿಲ್ಲ.

ನಾಲ್ಕನೇ ದಿನ ಹಿಂಬದಿಯ ತಿರುಪು ಬಿಚ್ಚಿದೆವು. ಕಪ್ಪು ರಾಡಿ, ಸೀಸದ ಚರೆ, ತಾತ ಕೈಯಾರೆ ಜಡಿದ ತೆಂಗಿನ ನಾರಿನ ಉಂಡೆ ಹೊರಬಂದವು. ನಾರು ಇನ್ನೂ ಗಟ್ಟಿಯಾಗಿತ್ತು.

ಸೀಳುವುದಕ್ಕೆ ಹಿಡಿದದ್ದು ಒಂದು ಗಂಟೆ. ಉಜ್ಜಿ ಆಸಿಡ್ ಸವರಿದಾಗ ಹೊರಮೈ ಮೇಲೆ ಓರೆ ಗೆರೆಗಳು ಒಂದೊಂದೇ ಎದ್ದು ಬಂದವು, ಹುರಿ ಹಾಕಿದ ಹಗ್ಗದ ಹಾಗೆ. ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಸುರುಳಿ ಸುತ್ತಿ, ಕಾಯಿಸಿ, ಬಡಿದು ಬೆಸೆದ ಕೆಲಸ ಅದು. ಎಂಥ ಕೈ! ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಆದರೆ ಮದ್ದು ಕೂತಿದ್ದ ಕಡೆ, ಒಂದು ಬೆಸುಗೆ ಗೆರೆಯ ಗುಂಟ, ತುಕ್ಕು ಆಳವಾದ ಗುಂಡಿ ತೋಡಿತ್ತು. ವರ್ನಿಯರ್ ಹಿಡಿದೆ. ಪಕ್ಕದಲ್ಲಿ 6 ಮಿಲಿಮೀಟರ್ ದಪ್ಪ, ಗುಂಡಿಯಲ್ಲಿ ಬರೀ 2. ತೇವ ಎಳೆದುಕೊಂಡ ಮದ್ದಿನ ಕೆಲಸ. ಕೇಪಿನ ತೂತಿಗೆ ಸೂಜಿ ಹಾಕಿದೆ, ಹೋಗಲಿಲ್ಲ. ಅಲ್ಲೂ ತುಕ್ಕು ಕಟ್ಟಿಕೊಂಡಿತ್ತು.

ಭಾನುವಾರ ಒಂದು ಸೀಳನ್ನು ಊರಿಗೆ ಒಯ್ದು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಗುಂಡಿಯೊಳಗೆ ಬೆರಳಿಟ್ಟು ನೋಡಿದರು.

"ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ್ವು. ನಮ್ಮಪ್ಪ ಮೂರು ಕೇಪು ಇಕ್ಕಿದ್ರು ಕನ್ಲಾ. ಮೂರೂ ಚಟ್ ಅಂದ್ವು, ಕೋವಿ ಹಾರ್ಲಿಲ್ಲ. ಬೈಕೊಂಡು ಬಂದು ಗೂಟಕ್ಕೆ ಹಾಕುದ್ರು."

ಸ್ವಲ್ಪ ಹೊತ್ತು ಬಿಟ್ಟು ಪಡಸಾಲೆಯ ಗೂಟದ ಕಡೆ ನೋಡಿದರು.

"ನೀವೆಲ್ಲ ಅದ್ರ ಕೆಳ್ಗೇ ಮಲಗ್ತಿದ್ರಲ್ಲೋ."