ಬೋರ್‌ವೆಲ್ ಕೆಲಸಕ್ಕೆ ಎಷ್ಟು ಉದ್ದದ ಚಾಕು ಬೇಕು?

ಗದಗ, ಮುಂಡರಗಿ, ಲಕ್ಷ್ಮೇಶ್ವರ ಈ ಕಡೆ ಸಬ್‌ಮರ್ಸಿಬಲ್ ಪಂಪು ಇಳಿಸೋದು, ಕೆಟ್ಟರೆ ಎತ್ತೋದು, ನಡುನಡುವೆ ಡ್ರಿಪ್ ಹಾಕೋದು ನನ್ನ ಕೆಲಸ. ಹದಿನಾಲ್ಕು ವರ್ಷ ಆಯ್ತು. ಅದರಲ್ಲಿ ಏಳು ವರ್ಷ ಪ್ಯಾಂಟಿನ ಬಲಗಡೆ ಕಿಸೆಯಲ್ಲಿ ಒಂದು ದೊಡ್ಡ ಮಡಚು ಚಾಕು ಇಟ್ಟುಕೊಂಡೇ ತಿರುಗಿದೆ. ಹುಬ್ಬಳ್ಳಿ ದುರ್ಗದಬೈಲ್ ಕಡೆ ಒಂದು ಸಂದಿಯಲ್ಲಿ ತಗೊಂಡಿದ್ದು. ಅಲಗು ನಾಲ್ಕು ಇಂಚು, ಹಿಡಿ ಐದು, ಬಿಚ್ಚಿದರೆ ಒಂಬತ್ತು. ಅಲಗಿನ ಬುಡದಲ್ಲಿ ಸಣ್ಣದೊಂದು ಗುಬಟು. ಹೆಬ್ಬೆರಳಿನಿಂದ ದೂಡಿದರೆ ಸಾಕು, ಟಕ್ ಅಂತ ಬಿಚ್ಚಿಕೊಳ್ಳುತ್ತಿತ್ತು. ಖರೇ ಹೇಳಬೇಕಂದ್ರೆ ನಾನು ರೊಕ್ಕ ಕೊಟ್ಟಿದ್ದು ಆ ಟಕ್ ಅನ್ನೋ ಸಪ್ಪಳಕ್ಕೆ.

ನಮ್ಮ ಕೆಲಸಕ್ಕೆ ಚಾಕು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನೈಲಾನ್ ಹಗ್ಗ ಕತ್ತರಿಸಬೇಕು, ಎಚ್‌ಡಿಪಿಇ ಅನ್ನೋ ಪ್ಲಾಸ್ಟಿಕ್ ಪೈಪು ಕೊಯ್ಯಬೇಕು, ಡ್ರಿಪ್‌ನ 16 ಎಂಎಂ ಲ್ಯಾಟರಲ್ ಪೈಪು ತುಂಡು ಮಾಡಬೇಕು, ಸ್ಟಾರ್ಟರ್ ಡಬ್ಬಿಯ ಪಟ್ಟಿ ಹರಿಯಬೇಕು, ಕೇಬಲ್ ಸುಲಿಯಬೇಕು. ಹೊಲದವರು ಕಲ್ಲಂಗಡಿ ಕೊಟ್ಟರೆ ಅದನ್ನೂ ಹೆಚ್ಚಬೇಕು. ಹಗ್ಗಕ್ಕೆ, ಕಲ್ಲಂಗಡಿಗೆ ಉದ್ದ ಅಲಗೇ ಸರಿ. ಹೆಬ್ಬೆರಳು ದಪ್ಪದ ಹಗ್ಗವನ್ನು ಒಂದೇ ಎಳೆತಕ್ಕೆ ಹರಿದು ಹಾಕುತ್ತದೆ. ನಾನು ಕೆಟ್ಟಿದ್ದು ಕೇಬಲ್‌ನಲ್ಲಿ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಮೋಟಾರಿನಿಂದ ಹೊರಗೆ ಬರುವ ವೈರು ಬಹಳ ಗಿಡ್ಡ. ಅದಕ್ಕೆ ಮೇಲಿನಿಂದ ಬರುವ ಉದ್ದನೆಯ ಚಪ್ಪಟೆ ಕೇಬಲ್ ಜೋಡಿಸಿ, ಟೇಪ್ ಸುತ್ತಿ, ಆಮೇಲೆ ಪಂಪು ಇಳಿಸುತ್ತೇವೆ. ಅಂದರೆ ಆ ಜಾಯಿಂಟು ಜೀವನಪೂರ್ತಿ ನೀರೊಳಗೇ ಇರಬೇಕು. ಕೇಬಲ್‌ಗೆ ಮೇಲೊಂದು ಹೊದಿಕೆ, ಅದರ ಒಳಗೆ ಕೆಂಪು, ಹಳದಿ, ನೀಲಿ ಅಂತ ಮೂರು ಕೋರ್, ಅಂದರೆ ಒಳಗಿನ ವೈರು, ಒಂದೊಂದಕ್ಕೂ ಬೇರೆ ಹೊದಿಕೆ. ಮೇಲಿನದನ್ನು ಸೀಳಬೇಕು, ಒಳಗಿನದಕ್ಕೆ ಉಗುರಿನ ಗೀರಿನಷ್ಟೂ ಗಾಯ ಆಗಬಾರದು. ಮೂರೂ ಕೋರ್‌ಗಳ ಜಾಯಿಂಟು ಒಂದೇ ಕಡೆ ಬರದಂತೆ ಹಿಂದೆಮುಂದೆ ಮಾಡಿ, ಮೊದಲು ರಬ್ಬರ್ ಟೇಪು, ಮೇಲೆ ಪಿವಿಸಿ ಟೇಪು.

ಮುಂಡರಗಿ ಹತ್ತಿರದ ಒಂದು ಮೆಣಸಿನಕಾಯಿ ಹೊಲ. 420 ಅಡಿಗೆ ಪಂಪು. ಇಪ್ಪತ್ತು ಅಡಿಯ ಜಿಐ ಪೈಪು ಇಪ್ಪತ್ತೊಂದು. ತ್ರೀ ಫೇಸ್ ಕರೆಂಟು ಬರೋ ಹೊತ್ತಾಗಿತ್ತು, ಹೊಲದ ಯಜಮಾನರು ಕಟ್ಟೆಯ ಮೇಲೆ ಕೂತು ಐದು ನಿಮಿಷಕ್ಕೊಮ್ಮೆ ಮೊಬೈಲು ನೋಡುತ್ತಿದ್ದರು. ನಾನು ಅವಸರದಲ್ಲಿ ಕೇಬಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅದೇ ದೊಡ್ಡ ಚಾಕುವಿನಿಂದ ಸರಕ್ಕನೆ ಸೀಳಿದೆ. ಇಳಿಸಿದೆವು, ಚಾಲೂ ಮಾಡಿದೆವು, ನೀರು ಬಂತು, ಪೂಜೆ ಮಾಡಿ ಕಾಯಿ ಒಡೆದರು, ಚಹಾ ಕುಡಿದು ಬಂದೆವು.

ಒಂಬತ್ತನೇ ದಿನ ಫೋನ್. ಸ್ಟಾರ್ಟರ್ ನಿಲ್ಲವಲ್ಲದು, ಒತ್ತಿದರೆ ಟ್ರಿಪ್. ಹೋಗಿ, ಕರೆಂಟು ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡುವ ಮೆಗ್ಗರ್ ಹಚ್ಚಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಎಲ್ಲೋ ನೀರು ಒಳಗೆ ಹೊಕ್ಕಿದೆ ಅಂತ ಅರ್ಥ. ಮತ್ತೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಇಪ್ಪತ್ತೊಂದು ಪೈಪೂ ಒಂದೊಂದೇ ಬಿಚ್ಚಿ ಎತ್ತಿದೆವು. ಜಾಯಿಂಟು ಒಳ್ಳೇದೇ ಇತ್ತು. ಆದರೆ ಟೇಪು ಮುಗಿದ ಜಾಗದಿಂದ ಒಂದು ಇಂಚು ಆಚೆ, ಮೇಲಿನ ಹೊದಿಕೆಯ ಬಾಯೊಳಗೆ, ನೀಲಿ ಕೋರ್ ಮೇಲೆ ಕೂದಲೆಳೆಯಷ್ಟು ಸೀಳು. ಸುತ್ತ ಕರ್ರಗಾಗಿತ್ತು.

ನಮ್ಮ ಹಿರಿಯ ಮಿಸ್ತ್ರಿ, ನಾವೆಲ್ಲ ಕಾಕಾ ಅಂತ ಕರೀತೀವಿ, ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. "ತಮ್ಮಾ, ನೀ ನೋಡಾಕತ್ತಿದ್ದು ಅಲಗಿನ ನಡು. ಕೊಯ್ದಿದ್ದು ಅದರ ತುದಿ" ಅಂದರು.

ಅದನ್ನು ಆಮೇಲೆ ಎಷ್ಟು ಸಲ ಯೋಚನೆ ಮಾಡಿದೆನೋ. ನಾಲ್ಕು ಇಂಚಿನ ಅಲಗು ಹಿಡಿದಾಗ ಬೆರಳು ಇರೋದು ಹಿಡಿಯ ಮೇಲೆ, ತುದಿ ಎಲ್ಲೋ ದೂರ. ಮಣಿಕಟ್ಟು ಗೋಧಿ ಕಾಳಿನಷ್ಟು ಅಲುಗಿದರೆ ತುದಿ ಬೆರಳಗಲ ಓಡುತ್ತದೆ. ಗಿಡ್ಡ ಅಲಗಾದರೆ ತೋರುಬೆರಳನ್ನು ಅದರ ಬೆನ್ನ ಮೇಲೆ, ತುದಿಯವರೆಗೂ ಚಾಚಬಹುದು. ತುದಿ ಎಲ್ಲಿದೆ ಅಂತ ಕಣ್ಣು ಬೇಡ, ಬೆರಳೇ ಹೇಳುತ್ತದೆ. ಕಾಕಾ ಇನ್ನೊಂದು ತೋರಿಸಿದರು: ಹೊದಿಕೆಯನ್ನು ಪೂರ್ತಿ ಕೊಯ್ಯಲೇಬಾರದು. ಅರ್ಧ ಆಳಕ್ಕೆ ಗೀರು ಹಾಕಿ ಕೇಬಲ್ ಬಗ್ಗಿಸಿದರೆ ಗೀರು ತಾನಾಗೇ ಬಾಯಿ ಬಿಡುತ್ತದೆ, ಉಳಿದದ್ದನ್ನು ಇಕ್ಕಳದಿಂದ ಎಳೆದರೆ ಅವರೆಕಾಯಿ ಸಿಪ್ಪೆಯಂತೆ ಬರುತ್ತದೆ. ಒಳಗಿನ ಕೋರ್‌ಗೆ ಅಲಗು ಮುಟ್ಟುವುದೇ ಇಲ್ಲ.

ಆ ಸಲ ಎತ್ತಿ ಇಳಿಸಿದ ಖರ್ಚಿನಲ್ಲಿ ಅರ್ಧ ನನ್ನ ಪಗಾರದಲ್ಲಿ ಹೋಯಿತು. ನಾನು ಕೆಲಸ ಮಾಡುತ್ತಿದ್ದ ಅಂಗಡಿಯವರು ಹಿಡಿದುಕೊಂಡರು, ತಪ್ಪು ನನ್ನದೇ ಆದ್ದರಿಂದ ಬಾಯಿ ಬಿಡಲಿಲ್ಲ. ಅದಕ್ಕಿಂತ ಕೆಟ್ಟ ಅನಿಸಿದ್ದು ಹೊಲ ನೋಡಿ. ಗಿಡ ಹೂವಿನಲ್ಲಿತ್ತು, ನಾಲ್ಕು ದಿನ ನೀರಿಲ್ಲದೆ ಸಾಲಿನಲ್ಲೆಲ್ಲ ಹೂ ಉದುರಿ ಬಿದ್ದಿತ್ತು.

ಇಷ್ಟಾದರೂ ದೊಡ್ಡ ಚಾಕು ಕಿಸೆಯಿಂದ ಇಳಿಯಲಿಲ್ಲ ನೋಡಿ. ಕೇಬಲ್‌ಗೆ ಬೇರೆ ಸಣ್ಣದು ತಗೊಂಡೆ, ಉಳಿದದ್ದಕ್ಕೆಲ್ಲ ಅದೇ.

ಅದನ್ನು ಇಳಿಸಿದ್ದು ನನ್ನ ಬಲಗೈ ತೋರುಬೆರಳು. ಈ ತರಹದ ಚಾಕುಗಳ ಹಿಡಿಯೊಳಗೆ ತೆಳುವಾದ ಒಂದು ತಗಡಿನ ಪಟ್ಟಿ ಇರುತ್ತದೆ. ಅಲಗು ಪೂರ್ತಿ ಬಿಚ್ಚಿದಾಗ ಆ ಪಟ್ಟಿ ಸ್ಪ್ರಿಂಗಿನ ಹಾಗೆ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒದೆಗೊಟ್ಟು ನಿಲ್ಲುತ್ತದೆ. ಲೈನರ್ ಲಾಕ್ ಅಂತಾರೆ. ಅಲಗಿನ ಬುಡವೂ ಪಟ್ಟಿಯ ತುದಿಯೂ ಸ್ವಚ್ಛ ಇದ್ದರೆ ಲಾಕು ಗಟ್ಟಿ. ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಬಂಕಿಯಂತೆ ಅಂಟುತ್ತದೆ, ಒಣಗಿದರೆ ಇಟ್ಟಿಗೆ. ಕಿಸೆಯಲ್ಲಿ ಏಳು ವರ್ಷದ ಧೂಳು, ಬೀಡಿ ಪುಡಿ, ಮಣ್ಣು ಎಲ್ಲ ಸೇರಿ ಆ ಸಂದಿಯಲ್ಲಿ ಕೂತಿತ್ತು. ಜೊತೆಗೆ ನಾನು ಅದರಿಂದ ಎಂಡ್ ಕ್ಯಾಪ್ ಮೀಟಿದ್ದೆ, ಪೇಂಟಿನ ಡಬ್ಬಿ ಮುಚ್ಚಳ ಎಬ್ಬಿಸಿದ್ದೆ, ಒಮ್ಮೆ ಸ್ಕ್ರೂ ಕೂಡ ತಿರುವಿದ್ದೆ. ಕೀಲಿನ ಮೊಳೆ ಸಡಿಲಾಗಿ ಅಲಗು ಅತ್ತಿತ್ತ ಆಡುತ್ತಿತ್ತು. ಬಿಚ್ಚಿದಾಗ ಟಕ್ ಅನ್ನೋ ಸಪ್ಪಳ ಬರುತ್ತಿತ್ತಲ್ಲ, ಲಾಕು ಬಿದ್ದಿದೆ ಅಂತಲೇ ತಿಳಿದಿದ್ದೆ.

ಒಂದು ದಿನ ಎಚ್‌ಡಿಪಿಇ ಪೈಪು ಕೊಯ್ಯುವಾಗ ಅಲಗು ಅರ್ಧಕ್ಕೆ ಸಿಕ್ಕಿಬಿತ್ತು. ಆ ಪ್ಲಾಸ್ಟಿಕ್ ಹಾಗೇ, ಅಲಗನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ. ಬಿಡಿಸಲಿಕ್ಕೆ ಹಿಡಿಯನ್ನು ಮೇಲೆ ಕೆಳಗೆ ಅಲುಗಾಡಿಸಿದೆ. ಅಲುಗಾಡಿಸಿದಾಗ ಭಾರ ಬೀಳೋದು ಅಲಗಿನ ಬೆನ್ನ ಮೇಲೆ, ಅಂದರೆ ನೇರ ಲಾಕಿನ ಮೇಲೆ. ಪಟ್ಟಿ ಜಾರಿತು. ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಹದಿನೈದು ದಿನ ಪಾನಾ (ಸ್ಪ್ಯಾನರ್) ಹಿಡಿಯಲಿಕ್ಕೆ ಆಗಲಿಲ್ಲ. ಚಳಿಗಾಲದಲ್ಲಿ ಈಗಲೂ ಆ ಬೆರಳಿನ ತುದಿ ಜುಮ್ ಅನ್ನುತ್ತದೆ.

ಈಗ ಯಾವ ಮಡಚು ಚಾಕು ಕೈಗೆ ಬಂದರೂ ಮೊದಲು ಬಿಚ್ಚಿ, ಅಲಗು ಮಡಚಿಕೊಳ್ಳುವ ದಾರಿಯಿಂದ ಬೆರಳೆಲ್ಲ ತೆಗೆದು, ಅದರ ಬೆನ್ನನ್ನು ಕಟ್ಟಿಗೆಗೆ ಮೆಲ್ಲಗೆ ತಟ್ಟಿ ನೋಡುತ್ತೇನೆ. ಜಾರಿದರೆ ಅದು ಚಾಕು ಅಲ್ಲ, ಇಲಿಬೋನು. ವಾರಕ್ಕೊಮ್ಮೆ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಸಂದಿ ಉಜ್ಜಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ. ಜಾಸ್ತಿ ಹಾಕಿದರೆ ಅದೇ ಧೂಳು ಹಿಡಿಯುತ್ತದೆ, ಒರೆಸಬೇಕು. ಇನ್ನೊಂದು: ಮೊಂಡ ಚಾಕು ಜಾಸ್ತಿ ಒತ್ತಡ ಕೇಳುತ್ತದೆ, ಒತ್ತಿದಾಗಲೇ ಜಾರೋದು. ಸಾಣೆ ಹಿಡಿಯೋದಕ್ಕೆ ಬೇಜಾರು ಮಾಡಬಾರದು.

ಕಾಕಾ ಯಾವತ್ತೂ ಕಿಸೆಯಲ್ಲಿ ಚಾಕು ಇಡೋರಲ್ಲ, ಚೀಲದಲ್ಲೇ. ಯಾಕೆ ಅಂತ ನನಗೆ ತಿಳಿದಿದ್ದು ಒಂದು ಮನೆಯಲ್ಲಿ. ಸ್ಟಾರ್ಟರ್ ಡಬ್ಬಿಯ ಪಟ್ಟಿ ಹರಿಯಲಿಕ್ಕೆ ಪಡಸಾಲೆಯಲ್ಲಿ ನಿಂತು ಟಕ್ ಅನಿಸಿದೆ. ಅಲ್ಲೇ ಕೂತಿದ್ದ ಮುದುಕಿ ಮೊಮ್ಮಗನ ರಟ್ಟೆ ಹಿಡಿದು ಎಳೆದುಕೊಂಡು, "ನಡೀ, ಒಳಗ ನಡೀ" ಅಂದಳು. ಅದೇ ಮನೆಯ ಮೂಲೆಯಲ್ಲಿ ಎರಡು ಕುಡುಗೋಲು, ಒಂದು ಕೊಡ್ಲಿ, ಅಡುಗೆಮನೆ ಬಾಗಿಲಲ್ಲಿ ಹಲ್ಲು ಕಿಸಿದುಕೊಂಡು ನಿಂತ ಈಳಿಗಿ. ಯಾವುದಕ್ಕೂ ಆಕೆ ಹೆದರಿದವಳಲ್ಲ. ಹೆಗಲಿಗೆ ಕೊಡ್ಲಿ ಹಾಕಿಕೊಂಡು ಬಸ್ ಹತ್ತಿದರೂ ನಮ್ಮ ಕಡೆ ಯಾರೂ ತಿರುಗಿ ನೋಡೋದಿಲ್ಲ. ಅದು ಏನಕ್ಕೆ ಅಂತ ಎಲ್ಲರಿಗೂ ಗೊತ್ತು. ಕಿಸೆಯಿಂದ ಬರುವುದು ಯಾತಕ್ಕೆ ಅಂತ ಯಾರಿಗೆ ಗೊತ್ತು? ಹೊರಗೆ ಬಂದಮೇಲೆ ಕಾಕಾ ಹೇಳಿದ್ದು ಇಷ್ಟೇ: "ಎರಡೂ ಕೈಲೆ ಸಾವಕಾಶ ಬಿಚ್ಚು. ಕೇಳಿ ಬಿಚ್ಚು." ಕಾಕಾ ಚಾಕುವನ್ನು ಕೈಯಿಂದ ಕೈಗೂ ಕೊಡುವುದಿಲ್ಲ, ನೆಲದ ಮೇಲೆ ಇಡುತ್ತಾರೆ, ನಾವು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತ ನಮ್ಮವ್ವನೂ ಅನ್ನುತ್ತಿದ್ದಳು. ಜಗಳದ ಕಥೆ ಬಿಡಿ, ಬೆರಳಂತೂ ಉಳಿಯುತ್ತವೆ.

ಇನ್ನು ಪೊಲೀಸರ ವಿಷಯ. ಗಣಪತಿ ಹಬ್ಬದ ಬಂದೋಬಸ್ತಿನಲ್ಲಿ ಹುಬ್ಬಳ್ಳಿಗೆ ಮೋಟಾರ್ ರಿವೈಂಡಿಂಗ್‌ಗೆ ಹೋಗಿದ್ದೆ. ತಪಾಸಣೆಯಲ್ಲಿ ಕಿಸೆಯಿಂದ ಚಾಕು ಬಂತು. ಅರ್ಧ ತಾಸು ನಿಲ್ಲಿಸಿದರು. ಗಾಡಿಯಲ್ಲಿ ಪಾನಾ, ಮೆಗ್ಗರ್, ಸುಟ್ಟ ಮೋಟಾರು ನೋಡಿ, ಅಂಗಡಿಗೆ ಫೋನ್ ಮಾಡಿಸಿ, ಕೊನೆಗೆ "ಇದನ್ನೂ ಅವುಗಳ ಸಂಗಾಟನ ಚೀಲದಾಗ ಇಡಬೇಕಪ್ಪಾ, ಕಿಸ್ಯಾಗ ಯಾಕ?" ಅಂತ ಬಿಟ್ಟರು. ಆಮೇಲೆ ವಕೀಲರೊಬ್ಬರ ಬೋರ್‌ಗೆ ಹೋದಾಗ ಕೇಳಿದೆ. 1959ರ ಆಯುಧ ಕಾಯ್ದೆ, 2016ರ ನಿಯಮಗಳ ಪ್ರಕಾರ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಚಾಕು ಆಯುಧದ ಪಟ್ಟಿಗೆ ಬರುತ್ತದೆ. ಮನೆಗೆಲಸ, ಒಕ್ಕಲುತನ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದ್ದಕ್ಕೆ ವಿನಾಯಿತಿ. ಒಂಬತ್ತು ಅಂದರೆ ಅಲಗು ಮಾತ್ರ, ಹಿಡಿ ಸೇರಿಸಿ ಅಲ್ಲ. ನನ್ನದು ನಾಲ್ಕೇ. ಆದರೆ ನಿಷೇಧಾಜ್ಞೆ ಇದ್ದಾಗ ಲೆಕ್ಕ ಬೇರೆ. ಮೊದಲು 144ನೇ ಕಲಂ ಅನ್ನುತ್ತಿದ್ದೆವಲ್ಲ, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಆ ಆಜ್ಞೆಯಲ್ಲಿ ಏನೇನು ಹಿಡಿದು ತಿರುಗಬಾರದು ಅಂತ ಬರೆದಿದ್ದರೆ, ಇಂಚುಪಟ್ಟಿ ಹಿಡಿದು ವಾದ ಮಾಡಲಿಕ್ಕೆ ಆಗೋದಿಲ್ಲ.

ಈಗ ಕಿಸೆಯಲ್ಲಿ ಎರಡೂವರೆ ಇಂಚಿನದು, ಎರಡೂ ಕೈಯಿಂದ ಬಿಚ್ಚುವಂಥದ್ದು. ದೊಡ್ಡದು ಚೀಲದಲ್ಲಿ, ಹಗ್ಗಕ್ಕೆ. ಪೈಪಿಗೆ ಗರಗಸ. ಒಬ್ಬ ದಾಳಿಂಬೆ ತೋಟದವರ ಹತ್ತಿರ ಫ್ರಾನ್ಸಿನ ಒಪಿನೆಲ್ ಚಾಕು ನೋಡಿದೆ: ಕಟ್ಟಿಗೆ ಹಿಡಿ, ಅಲಗಿನ ಕುತ್ತಿಗೆಗೆ ತಿರುಗುವ ಉಕ್ಕಿನ ಬಳೆ, ಬಳೆ ತಿರುವಿದರೆ ಲಾಕು. ಬಳೆ ಬಿದ್ದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಅದು ನನಗೆ ಹಿಡಿಸಿತು. ಆದರೆ ನೀರು ತಾಗಿದರೆ ಕಟ್ಟಿಗೆ ಉಬ್ಬಿ ಅಲಗು ಬಿಗಿಯಾಗುತ್ತದಂತೆ. ದಿನವೆಲ್ಲ ನೀರಲ್ಲಿರೋ ನಮಗೆ ಅದು ಆಗಿಬರೋದಲ್ಲ.

ಹೋದ ಖಂಡೇ ಪೂಜೆಗೆ ಪಾನಾ, ಚೈನ್ ಪುಲ್ಲಿ, ಮೆಗ್ಗರ್ ಎಲ್ಲ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗ ಕಿಸೆಯಿಂದ ಒಂದು ಚಾಕು ತೆಗೆದು ಸಾಲಿನಲ್ಲಿ ಇಟ್ಟ. ಆನ್‌ಲೈನಿನಲ್ಲಿ ತರಿಸಿದ್ದು, ಕರೀ ಅಲಗು, ನನ್ನದಕ್ಕಿಂತ ಉದ್ದ. "ಹೆಂಗೈತ್ರಿ ಅಣ್ಣಾ?" ಅಂದ. ಚಲೋ ಐತಿ ಅಂದೆ. ಪೂಜೆಯಾಗಿ ಬನ್ನಿ ಕೊಟ್ಟು ತಗೊಂಡ ಮಾರನೇ ವಾರ, ಕೆಲಸ ಇಲ್ಲದ ಒಂದು ಮಧ್ಯಾಹ್ನ, ಹಳೇ ಕೇಬಲ್ ತುಂಡುಗಳ ಒಂದು ಹೊರೆ ಅವನ ಮುಂದೆ ಹಾಕಿ, ಒಂದೊಂದು ಅಡಿ ಸುಲಿದು ಕೊಡು, ಒಳಗೆ ಗೀರು ಬೀಳಬಾರದು ಅಂದೆ. ಸಂಜೆವರೆಗೆ ಕೂತ. ಮೊದಲು ತನ್ನ ಚಾಕು, ಆಮೇಲೆ ಕೇಳದೇನೇ ನನ್ನ ಸಣ್ಣದು ತಗೊಂಡ. ಗೀರು ಬಿದ್ದ ತುಂಡುಗಳ ತಾಮ್ರವೇ ಒಂದು ಕಿಲೋ ಹತ್ತಿರ ಆಯ್ತು. ಗುಜರಿಗೆ ಹಾಕಿ, ಬಂದ ರೊಕ್ಕದಲ್ಲಿ ನಾಲ್ಕೂ ಮಂದಿ ಗಿರ್ಮಿಟ್ಟು, ಮಿರ್ಚಿ ತಿಂದು ಮನೆಗೆ ಹೋದೆವು.