ಇಪ್ಪತ್ತು ಜನರ ಗುಂಪಿಗೆ ಕೊನೆಯವರೇ ಗಡಿಯಾರ: ವಾರಾಂತ್ಯದ ಟ್ರೆಕ್ ನಡೆಸುವ ಕೆಲಸದ ಪಾಠಗಳು

ಟ್ರೆಕ್ ಲೀಡರ್ ಕೆಲಸಕ್ಕೆ ಹೊಸದಾಗಿ ಸೇರುವವರು ಸಾಮಾನ್ಯವಾಗಿ ಗಟ್ಟಿ ಕಾಲಿನವರು. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ತಮ್ಮ ಕಾಲಿನ ವೇಗಕ್ಕೆ ಲೆಕ್ಕ ಹಾಕಿ ಇಪ್ಪತ್ತು ಜನರ ವೇಳಾಪಟ್ಟಿ ಬರೆಯುತ್ತಾರೆ. ಆ ಇಪ್ಪತ್ತು ಜನ ಯಾರು? ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಬೆಂಗಳೂರಿನಲ್ಲಿ ಟಿಟಿ (ಟೆಂಪೋ ಟ್ರಾವೆಲರ್) ಹತ್ತಿದವರು. ಘಾಟಿಯ ತಿರುವುಗಳಲ್ಲಿ ಒಂದಿಬ್ಬರು ವಾಂತಿ ಮಾಡಿಕೊಂಡಿರುತ್ತಾರೆ, ಅರ್ಧ ಜನಕ್ಕೆ ನಿದ್ದೆ ಇಲ್ಲ, ಮೂರ್ನಾಲ್ಕು ಜನ ಬೆಳಗಿನ ಇಡ್ಲಿಯನ್ನೂ ಬೇಡವೆಂದಿರುತ್ತಾರೆ. ವೇಳಾಪಟ್ಟಿ ಬರೆಯಬೇಕಾದದ್ದು ಇವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಒಬ್ಬರಿಗೆ. ಮಿಕ್ಕವರೆಲ್ಲ ಆ ಲೆಕ್ಕದೊಳಗೆ ತಾವಾಗಿಯೇ ಬರುತ್ತಾರೆ.

ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಶಿಖರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಏರು ಸುಮಾರು 1600 ಮೀಟರ್, ದಾರಿ ಹೆಚ್ಚುಕಡಿಮೆ 12 ಕಿಲೋಮೀಟರ್. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಕೊಟ್ಟ ಸೂತ್ರವೊಂದಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಮೇಲೆ ಮುಟ್ಟಲು ಐದು ಗಂಟೆ ಸಾಕು. ಆದರೆ ಆ ಲೆಕ್ಕದಲ್ಲಿ ವಿಶ್ರಾಂತಿ ಇಲ್ಲ, ನಮ್ಮ ಕರಾವಳಿಯ ಸೆಕೆ ಇಲ್ಲ, ಫೋಟೋ ತೆಗೆಯುವವರಂತೂ ಇಲ್ಲವೇ ಇಲ್ಲ. ಮಿಶ್ರ ಗುಂಪಿಗೆ ಏಳು ಗಂಟೆ ಇಟ್ಟುಕೊಳ್ಳಿ.

ಈಗ ಲೆಕ್ಕವನ್ನು ಹಿಂದಿನಿಂದ ಹಾಕಿ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಕುಕ್ಕೆಯಿಂದ ಗಿರಿಗದ್ದೆಯ ಭಟ್ಟರ ಮನೆವರೆಗಿನ ಐದಾರು ಕಿಲೋಮೀಟರ್ ದಟ್ಟ ಕಾಡು, ಅದರ ಮೇಲೆ ಬಯಲು ಹುಲ್ಲುಗಾವಲು. ಇಳಿಯುವಾಗ ಇದು ತಿರುಗಾಮುರುಗಾ ಆಗುತ್ತದೆ: ಬೆಳಕಿದ್ದಾಗ ಬಯಲು ದಾಟಿ, ತೊಡೆ ನಡುಗುವ ಹೊತ್ತಿಗೆ ಬೇರು, ಸಡಿಲ ಕಲ್ಲು, ತರಗೆಲೆ ತುಂಬಿದ ಕಾಡಿಗೆ ಇಳಿಯಬೇಕು. ಮರದಡಿ ಐದೂವರೆಗೇ ಮಬ್ಬು. ಆದ್ದರಿಂದ ಕೊನೆಯವರು ನಾಲ್ಕಕ್ಕೆ ಗಿರಿಗದ್ದೆ ದಾಟಿರಬೇಕು. ಶಿಖರದಿಂದ ಅಲ್ಲಿಗೆ ನಿಧಾನದವರಿಗೆ ಮೂರು ಗಂಟೆ. ಅಂದರೆ ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್, ಶಿಖರ ಇನ್ನು ಇಪ್ಪತ್ತು ನಿಮಿಷ ಇದ್ದರೂ. ಬೆಳಿಗ್ಗೆ ಆರಕ್ಕೆ ಹೊರಟರೂ ಏಳು ಗಂಟೆಯ ಏರಿಗೆ ಒಂದು ನಿಮಿಷವೂ ಮಿಗುವುದಿಲ್ಲ ಎಂಬುದನ್ನು ಗಮನಿಸಿ. ಕುಕ್ಕೆ ಕಡೆಯಿಂದ ಒಂದೇ ದಿನದಲ್ಲಿ ಹತ್ತಿ ಇಳಿಯುವುದು ಹೊಸಬರ ಗುಂಪಿಗೆ ಸಲ್ಲದ ಸಾಹಸ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರವೂ ಏರೂ ಎರಡೂ ಕಡಿಮೆ.

ವಾಪಸ್ಸಾಗುವ ಈ ಹೊತ್ತನ್ನು ಬೆಳಿಗ್ಗೆ ಬಸ್ಸಿನಲ್ಲೇ ಎಲ್ಲರ ಮುಂದೆ ಹೇಳಿಬಿಡಬೇಕು. ಮೇಲೆ ಹೋಗಿ ಹೇಳಿದರೆ ಚರ್ಚೆ ಶುರುವಾಗುತ್ತದೆ. ದುಡ್ಡು ಕೊಟ್ಟು ಬಂದವರು, ಎದುರಿಗೆ ಶಿಖರ ಕಾಣುತ್ತಿದೆ, ಯಾರು ತಾನೇ ಕೇಳುತ್ತಾರೆ?

ಇನ್ನು ನಡೆಸುವ ಕ್ರಮ. ಸಾಲಿನ ಮುಂದೆ ದಾರಿ ತೋರಿಸುವ ಲೀಡ್, ಕೊನೆಗೆ ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಸ್ವೀಪ್. ನಿಧಾನದವರನ್ನು ಸ್ವೀಪ್ ಜೊತೆ ಬಿಡುವುದು ವಾಡಿಕೆ, ಅದು ತಪ್ಪು. ಲೀಡ್ ಒಂದು ಕಡೆ ಕುಳಿತು ‘ಐದು ನಿಮಿಷ ಬ್ರೇಕ್’ ಎನ್ನುತ್ತಾರೆ. ಕೊನೆಯವರು ಅಲ್ಲಿಗೆ ಬರಲು ಹನ್ನೆರಡು ನಿಮಿಷ. ಅವರು ಬ್ಯಾಗ್ ಕೆಳಗಿಡುವ ಹೊತ್ತಿಗೆ ಮುಂದಿನವರು ತಣ್ಣಗಾಗಿ, ಬೇಸರವಾಗಿ, ಎದ್ದು ನಿಂತಿರುತ್ತಾರೆ. ಹೀಗೆ ಆರು ಸಲ ನಿಂತರೆ ಗಟ್ಟಿಯವರಿಗೆ ಒಂದು ಗಂಟೆಗೂ ಹೆಚ್ಚು ವಿಶ್ರಾಂತಿ, ಸುಸ್ತಾದವರಿಗೆ ಸೊನ್ನೆ. ಮಧ್ಯಾಹ್ನ ಅವರು ಕುಸಿದು ಕೂರುವುದು ಅಶಕ್ತಿಯಿಂದಲ್ಲ, ನಾವು ಕೂರಲು ಬಿಡದೇ ಇದ್ದುದರಿಂದ. ನಿಧಾನದ ಇಬ್ಬರನ್ನು ಲೀಡ್ ಬೆನ್ನಹಿಂದೆಯೇ ನಡೆಸಿ, ಗಟ್ಟಿ ಕಾಲಿನವರನ್ನು ಹಿಂದಕ್ಕೆ ಹಾಕಿ. ಸ್ವೀಪ್ ಬಂದು ಮುಟ್ಟಿದ ಮೇಲೆಯೇ ವಿಶ್ರಾಂತಿಯ ನಿಮಿಷ ಎಣಿಸಲು ಶುರು ಮಾಡಿ. ಮುಂದೆ ಓಡಬೇಕೆನ್ನುವವರು ಒಂದಿಷ್ಟು ಗೊಣಗುತ್ತಾರೆ, ಗೊಣಗಲಿ.

ಬಂಡೆ ಏರುವ ಜಾಗಗಳದ್ದು ಬೇರೆಯೇ ಲೆಕ್ಕ. ಶೇಷಪರ್ವತ ದಾಟಿದ ಮೇಲೆ ಶಿಖರಕ್ಕೆ ಮುಂಚೆ ಸಿಗುವ ಬಂಡೆಯಂಥ ಕಡೆ ಕೈಯೂರಿ ಹತ್ತಲು ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿದರೂ ಇಪ್ಪತ್ತು ಜನಕ್ಕೆ ಹತ್ತು ನಿಮಿಷ. ಎದುರಿನಿಂದ ಇನ್ನೆರಡು ಗುಂಪು ಇಳಿಯುತ್ತಿದ್ದರೆ ಅರ್ಧ ಗಂಟೆ. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಇದೇ ಬೆಟ್ಟದಲ್ಲಿ ಜನ ಜಾತ್ರೆಯಂತೆ ಸೇರಿದ್ದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು, ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಟಿಕೆಟಿನ ಹೆಸರಿಗೂ ಗುರುತಿನ ಚೀಟಿಗೂ ತಾಳೆಯಾಗಬೇಕು. ‘ಅವನು ಬರಲಿಲ್ಲ, ಅವನ ಬದಲು ಇವನು’ ಎಂಬ ಕೊನೆ ಗಳಿಗೆಯ ಅದಲು ಬದಲಿಗೆ ಗುರುವಾರವೇ ಬಾಗಿಲು ಹಾಕಿ. ಚೆಕ್‌ಪೋಸ್ಟಿನ ಮುಂದೆ ಒಬ್ಬರ ಪಂಚಾಯ್ತಿ ಮುಗಿಯುವವರೆಗೆ ಹತ್ತೊಂಬತ್ತು ಜನ ನಿಂತಿರಬೇಕಾಗುತ್ತದೆ, ಅದೂ ಬಿಸಿಲೇರುವ ಮುಂಚಿನ ಬಂಗಾರದಂಥ ಹೊತ್ತಿನಲ್ಲಿ.

ಜನ ಕಳೆದುಹೋಗುವುದು ಹೆಚ್ಚಾಗಿ ಕವಲಿನಲ್ಲಲ್ಲ, ಮೂತ್ರಕ್ಕೆ ಹೋದಾಗ. ಒಬ್ಬರು ಯಾರಿಗೂ ಹೇಳದೆ ಪೊದೆಯ ಹಿಂದೆ ಸರಿಯುತ್ತಾರೆ, ಅಷ್ಟರಲ್ಲಿ ಸ್ವೀಪ್ ದಾಟಿ ಮುಂದೆ ಹೋಗಿರುತ್ತಾರೆ. ಇದಕ್ಕೆ ಒಂದೇ ಕಟ್ಟಳೆ ಸಾಕು: ಬದಿಗೆ ಹೋಗುವವರು ಬ್ಯಾಗನ್ನು ದಾರಿಯ ಮೇಲೆಯೇ ಇಟ್ಟು ಹೋಗಬೇಕು, ಬಿದ್ದಿರುವ ಬ್ಯಾಗನ್ನು ಸ್ವೀಪ್ ದಾಟಬಾರದು. ಪದೇ ಪದೇ ಹೆಸರು ಕೂಗುವುದಕ್ಕಿಂತ ಇದು ಮೇಲು. ಕವಲಿದ್ದಲ್ಲಿ ಮಾತ್ರ, ಸ್ವೀಪ್ ಕಣ್ಣಿಗೆ ಬೀಳುವವರೆಗೆ ಲೀಡ್ ಕದಲಬಾರದು.

ಕೊನೆಯವರನ್ನು ಕೊನೆಯವರನ್ನಾಗಿ ಮಾಡುವುದು ಮುಕ್ಕಾಲು ಪಾಲು ಶೂ. ಹೊಸ ಶೂ ಕಚ್ಚುತ್ತದೆಂದು ಎಲ್ಲರಿಗೂ ಗೊತ್ತು. ಹಳೆಯ ಶೂ ಕೈಕೊಡುವುದು ಗೊತ್ತಿಲ್ಲ. ಮೂರ್ನಾಲ್ಕು ವರ್ಷ ಅಟ್ಟದ ಮೇಲಿದ್ದ ಟ್ರೆಕಿಂಗ್ ಶೂ ನೋಡಲು ಹೊಸದರಂತಿರುತ್ತದೆ. ಆದರೆ ಅಟ್ಟೆಯ ನಡುವಿನ ಪಾಲಿಯುರೆಥೇನ್ ಪದರ ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗಿರುತ್ತದೆ. ಬಳಸದೆ ಇಟ್ಟಷ್ಟೂ ಇದು ಹೆಚ್ಚು. ಎರಡು ಗಂಟೆ ನಡೆದ ಮೇಲೆ ಮುಂಭಾಗದ ಅಟ್ಟೆ ಬಾಯಿ ಬಿಡುತ್ತದೆ, ಇಳಿಯುವಾಗ ಇಡೀ ಅಟ್ಟೆಯೇ ಕೈಗೆ ಬರುತ್ತದೆ. ಹೊರಡುವ ಮುಂಚೆ ಎಲ್ಲರ ಶೂ ಹಿಡಿದು ತುದಿಯನ್ನು ಬಲವಾಗಿ ಬಗ್ಗಿಸಿ ನೋಡಿ: ಅಂಚಿನಲ್ಲಿ ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ, ಆ ಶೂ ಬಸ್ಸಿನಲ್ಲೇ ಉಳಿಯಲಿ, ಸಾದಾ ಸ್ಪೋರ್ಟ್ಸ್ ಶೂ ವಾಸಿ. ದಾರಿಯಲ್ಲಿ ಕಿತ್ತರೆ ಎರಡು ಉದ್ದದ ಕೇಬಲ್ ಟೈಗಳು, ಒಂದು ಬೆರಳುಗಳ ಬುಡದಲ್ಲಿ, ಇನ್ನೊಂದು ಪಾದದ ಕಮಾನಿನಲ್ಲಿ ಅಟ್ಟೆಯನ್ನು ಬಳಸಿ ಬಿಗಿಯಬೇಕು. ಗಂಟು ಪಾದದ ಮೇಲಲ್ಲ, ಪಕ್ಕಕ್ಕೆ ಬರಲಿ, ಇಲ್ಲವಾದರೆ ಮೇಲ್ಭಾಗ ಒತ್ತುತ್ತದೆ. ಅದರ ಮೇಲೆ ಡಕ್ಟ್ ಟೇಪ್ ಮೂರು ಸುತ್ತು. ಬರೀ ಟೇಪ್ ಸುತ್ತಿದರೆ ಬಂಡೆಗೆ ಉಜ್ಜಿ ಬೇಗ ಹರಿದುಹೋಗುತ್ತದೆ. ಪೂರ್ತಿ ಟೇಪ್ ಸುರುಳಿ ಹೊರಬೇಕಿಲ್ಲ, ನೀರಿನ ಬಾಟಲಿಗೆ ಎರಡು ಮೀಟರ್ ಸುತ್ತಿಟ್ಟುಕೊಳ್ಳಿ.

ಇಳಿಯುವ ಮುಂಚೆ ಲೇಸ್ ಮತ್ತೆ ಕಟ್ಟಿಸಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂತಿರುವಂತೆ ಕಣಕಾಲಿನ ಹತ್ತಿರ ಬಿಗಿಯಬೇಕು. ಸಡಿಲವಿದ್ದರೆ ಹೆಬ್ಬೆರಳು ಹೆಜ್ಜೆ ಹೆಜ್ಜೆಗೂ ಶೂ ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಬಿಸಿಯೆನಿಸಿದ ಕೂಡಲೇ ಮೈಕ್ರೋಪೋರ್ ಟೇಪ್ ಅಂಟಿಸಿಬಿಡಿ. ಬೊಬ್ಬೆ ಎದ್ದ ಮೇಲೆ ಅಂಟಿಸಿದರೆ ಬಿಚ್ಚುವಾಗ ಚರ್ಮವೂ ಬರುತ್ತದೆ.

ನೀರು ತಲೆಗೆ ಮೂರು ಲೀಟರ್. ಓಆರ್‌ಎಸ್ ವಿಷಯದಲ್ಲಿ ಆಗುವ ತಪ್ಪು ಒಂದೇ: ಒಂದು ಲೀಟರಿನ ಪ್ಯಾಕೆಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವುದು. ಇಮ್ಮಡಿ ಗಟ್ಟಿಯಾದ ಆ ನೀರು ಹೊಟ್ಟೆ ತೊಳಸಿ ವಾಂತಿ ತರಿಸುತ್ತದೆ, ಕುಡಿದದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಲೀಟರಿಗೆ 20.5 ಗ್ರಾಂ. ಅಂಗಡಿಯಲ್ಲಿ 200 ಮಿಲಿಲೀಟರಿನ ಪುಟ್ಟ ಪ್ಯಾಕೆಟ್‌ಗಳೂ ಸಿಗುತ್ತವೆ, ಮೇಲೆ ಬರೆದದ್ದನ್ನು ಓದಿ ಬೆರೆಸಿ.

ಮಳೆಗಾಲದಲ್ಲಿ ಗುಂಪನ್ನು ಚದುರಿಸುವುದು ಇಂಬಳ (ಜಿಗಣೆ). ಒಬ್ಬರು ಕಿರುಚಿ ನಿಂತರೆ ಹಿಂದಿನ ಹತ್ತು ಜನ ನಿಲ್ಲುತ್ತಾರೆ, ನಿಂತ ಕಾಲಿಗೇ ಇಂಬಳ ಹೆಚ್ಚು ಹತ್ತುತ್ತದೆ. ಒದ್ದೆ ತರಗೆಲೆಯ ಜಾಗದಲ್ಲಿ ನಿಲ್ಲಿಸದೆ ನಡೆಸಿ, ಬಂಡೆ ಸಿಕ್ಕಿದಾಗ ತೆಗೆಸಿ. ಕಚ್ಚಿದ್ದನ್ನು ಎಳೆಯಬೇಡಿ, ಉಪ್ಪು ಸುರಿಯಬೇಡಿ. ಉಪ್ಪು ಬಿದ್ದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕುತ್ತದೆ. ಸಣ್ಣಗಿರುವ ಬಾಯಿಯ ತುದಿಗೆ ಉಗುರು ಅಡ್ಡ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಗಂಟೆಗಟ್ಟಲೆ ಜಿನುಗಬಹುದು, ಹೆದರಬೇಕಿಲ್ಲ ಎಂದು ಮೊದಲೇ ಹೇಳಿರಬೇಕು. ಮೊಣಕಾಲಿನವರೆಗಿನ ಲೀಚ್ ಸಾಕ್ಸ್‌ನೊಳಗೆ ಪ್ಯಾಂಟ್ ತುರುಕಿಕೊಂಡರೆ ಈ ರಗಳೆಯೇ ಇರುವುದಿಲ್ಲ.

ಇಂಬಳ ಕಾಟ ಮಾತ್ರ, ಕಾಯಿಲೆ ಅಲ್ಲ. ಮಲೆನಾಡಿನಲ್ಲಿ ಭಯಪಡಬೇಕಾದದ್ದು ಉಣ್ಣಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಟ್ರೆಕ್ ಸೀಸನ್ನೂ ಬಹುಪಾಲು ಅದೇ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಿಸಬೇಡಿ, ಮಲಗಿಸಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ, ಗುಂಪನ್ನು ವಾಪಸ್ ಕರೆತನ್ನಿ. ಇಲ್ಲಿ ಶಿಖರದ ಮಾತೇ ಇಲ್ಲ.

ಕ್ಯಾಂಪ್‌ಫೈರ್ ಕೇಳದ ಗುಂಪೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅಲ್ಲಿ ಬೆಂಕಿ ಹಾಕುವುದು ಅಪರಾಧ, ಕುಮಾರಪರ್ವತವಿರುವ ಪುಷ್ಪಗಿರಿಯೂ ಅಭಯಾರಣ್ಯವೇ, ಅಷ್ಟು ಹೇಳಿ ಮುಗಿಸಿ. ಟೆಂಟ್, ಬೆಂಕಿ, ಹಾಡು ಬೇಕೆನ್ನುವವರಿಗೆ ಊರಿನ ಹೋಂಸ್ಟೇ ಅಂಗಳ ಸರಿಯಾದ ಜಾಗ.

ಇಳಿದು ಬಂದ ಮೇಲೆ ಚೆಕ್‌ಪೋಸ್ಟಿನಲ್ಲಿ ಮುಂದಿನವರು ಮುಟ್ಟಿದ ಹೊತ್ತನ್ನಲ್ಲ, ಸ್ವೀಪ್ ಮುಟ್ಟಿದ ಹೊತ್ತನ್ನು ಬರೆದುಕೊಳ್ಳಿ. ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ, ಶಿಖರ, ಹೀಗೆ ಪ್ರತಿ ಜಾಗಕ್ಕೂ ಏರುವಾಗ ಒಂದು, ಇಳಿಯುವಾಗ ಒಂದು, ಪಕ್ಕದಲ್ಲಿ ತಿಂಗಳು ಮತ್ತು ತಲೆ ಎಣಿಕೆ. ಬಸ್ಸು ಹತ್ತುವ ಮೊದಲು ಎಲ್ಲರೂ ಸಾಕ್ಸ್ ಬಿಚ್ಚಿ, ಮಂಡಿಯ ಹಿಂಭಾಗ, ಸೊಂಟ, ಕಂಕುಳು ಸವರಿ ನೋಡಿಕೊಳ್ಳಲಿ. ಉಣ್ಣಿ ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರಕ್ಕೆ ಎತ್ತಿ, ಸೋಪಿನಿಂದ ತೊಳೆಯಬೇಕು. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಕಾಣಿಸುತ್ತದೆ. ಹಾಗಾಗಿ ಗುಂಪಿನ ವಾಟ್ಸ್‌ಆ್ಯಪ್ ಬಳಗವನ್ನು ಭಾನುವಾರ ರಾತ್ರಿಯೇ ಮುಚ್ಚಬೇಡಿ, ಎರಡು ವಾರ ಇರಲಿ. ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದವರು ವೈದ್ಯರಿಗೆ ಯಾವ ಕಾಡಿಗೆ, ಯಾವ ದಿನ ಹೋಗಿದ್ದೆವೆಂದು ತಪ್ಪದೆ ಹೇಳಬೇಕು ಎಂದು ಅದರಲ್ಲಿ ಹಾಕಿರಿ.