ಟಹೀಟಿಯ ಕಡಲಲ್ಲಿ ಎಷ್ಟು ರಾತ್ರಿ?

ದಕ್ಷಿಣ ಪೆಸಿಫಿಕ್ ಸಾಗರದ ಟಹೀಟಿ ದ್ವೀಪದ ಪಪೀಟೆ ಬಂದರಿನಿಂದ ಹೊರಡುವ ಸಣ್ಣ ಹಡಗುಗಳಲ್ಲಿ ಮುಖ್ಯವಾಗಿ ಮೂರು ಅಳತೆಯ ಪ್ರವಾಸ ಸಿಗುತ್ತದೆ. 7 ರಾತ್ರಿ, 10 ಅಥವಾ 11 ರಾತ್ರಿ, ಇಲ್ಲವೇ 14 ರಾತ್ರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಬೇಸಿಗೆ ಪೂರ್ತಿ ಇದೇ ಮಾತು. ಅಷ್ಟು ದೂರ ಹೋದ ಮೇಲೆ 14 ರಾತ್ರಿಯೂ ಇದ್ದು ಎಲ್ಲ ನೋಡಿಕೊಂಡೇ ಬರೋಣ ಎಂದರು ನನ್ನ ಗಂಡ. ಉಡುಪಿಯಿಂದ ಬಂದಿದ್ದ ಅತ್ತೆಗೆ ಹಡಗು ಎಂದರೇ ಅಳುಕು. ನನಗೆ 7 ಸಾಕು ಅನ್ನಿಸುತ್ತಿತ್ತು. ಕೊನೆಗೆ ಒಂದು ದೊಡ್ಡ ನಕ್ಷೆ ಹರಡಿಕೊಂಡು ಕೂತೆವು. ತೀರ್ಮಾನ ಆಗಿದ್ದು ಅಲ್ಲೇ: ಹಡಗಿನಲ್ಲಿ 7 ರಾತ್ರಿ.

ಟಹೀಟಿ ಸೇರಿರುವ ಫ್ರೆಂಚ್ ಪಾಲಿನೇಷ್ಯಾದಲ್ಲಿ ನೂರಕ್ಕೂ ಜಾಸ್ತಿ ದ್ವೀಪಗಳಿವೆ. ಎಲ್ಲದರ ನೆಲ ಕೂಡಿಸಿದರೂ ನಮ್ಮ ಕೊಡಗು ಜಿಲ್ಲೆಯಷ್ಟು, ಅಂದರೆ ಸುಮಾರು 4,000 ಚದರ ಕಿಲೋಮೀಟರ್. ಆದರೆ ಅವು ಹರಡಿಕೊಂಡಿರುವ ಕಡಲು ಭಾರತಕ್ಕಿಂತ ದೊಡ್ಡದು. ಇದನ್ನು ಗಮನಿಸದೆ ರಾತ್ರಿಗಳ ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ. ಟಹೀಟಿಯಿಂದ ಮೊರೆಯಾ ಬರೀ 17 ಕಿಲೋಮೀಟರ್. ಹುವಹೀನೆ ಸುಮಾರು 175. ಅಲ್ಲಿಂದಾಚೆ ರಯಾಟೆಯ, ತಹಾ, ಬೋರಾ ಬೋರಾ ಒಂದರ ಪಕ್ಕ ಒಂದು. ಇವೆಲ್ಲ ಸೊಸೈಟಿ ದ್ವೀಪಗಳು. 7 ರಾತ್ರಿಯ ಹಡಗು ಸುತ್ತುವುದು ಇಷ್ಟರಲ್ಲೇ. 10 ರಾತ್ರಿಯ ಹಡಗು ಟುವಾಮೋಟು ಗುಂಪಿನ ರಂಗಿರೋವಾ, ಫಕರಾವಾಗಳಿಗೂ ಹೋಗುತ್ತದೆ. ರಂಗಿರೋವಾ ಟಹೀಟಿಯಿಂದ 350 ಕಿಲೋಮೀಟರ್. 14 ರಾತ್ರಿಯ ಹಡಗು ಮಾರ್ಕೇಸಸ್ ದ್ವೀಪಗಳನ್ನು ಮುಟ್ಟಿ ಬರುತ್ತದೆ. ಅದು ಸುಮಾರು 1,400 ಕಿಲೋಮೀಟರ್. ಇಂಥ ಹಡಗು ಗಂಟೆಗೆ 25ರಿಂದ 28 ಕಿಲೋಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ನೇರವಾಗಿ ಹೋದರೂ ಎರಡು ಹಗಲು, ಎರಡು ರಾತ್ರಿ ಕಣ್ಣಿಗೆ ನೀರು ಬಿಟ್ಟು ಬೇರೇನೂ ಇರುವುದಿಲ್ಲ. ಬರುವಾಗ ಮತ್ತೆ ಅಷ್ಟೇ.

ಹಾಗಂತ ಮಾರ್ಕೇಸಸ್ ಬೇಡವೇ ಬೇಡ ಅಂತಲ್ಲ. ಅಲ್ಲಿ ಹವಳದ ದಂಡೆಯ ಸುತ್ತು ಇಲ್ಲ, ಅದರೊಳಗೆ ನಿಲ್ಲುವ ತಿಳಿನೀಲಿ ನೀರು, ಅಂದರೆ ಲಗೂನ್, ಇಲ್ಲ. ಕಡಲಿನಿಂದ ನೇರ ಎದ್ದ ಕಪ್ಪು ಬೆಟ್ಟಗಳು, ಕಲ್ಲಿನ ಹಳೆಯ ಪೂಜಾ ಕಟ್ಟೆಗಳು, ಕಾಡು. 2024ರಲ್ಲಿ ಅವು ಯುನೆಸ್ಕೋ ಪಟ್ಟಿಗೆ ಸೇರಿದವು. ಚಿತ್ರಕಾರ ಪಾಲ್ ಗೋಗ್ಯಾಂ 1903ರಲ್ಲಿ ತೀರಿಕೊಂಡದ್ದು ಅಲ್ಲಿನ ಹಿವಾ ಓವಾದಲ್ಲಿ. ಆ ದ್ವೀಪಗಳೇ ಬೇಕು ಅನ್ನುವವರು 14 ರಾತ್ರಿಯ ಹಡಗನ್ನೋ, ಪಪೀಟೆಯಿಂದ ಸಾಮಾನು ಮತ್ತು ಪ್ರಯಾಣಿಕರನ್ನು ಒಟ್ಟಿಗೆ ಒಯ್ಯುವ ಅರಾನುಯಿ ಹಡಗನ್ನೋ ಹಿಡಿಯಬೇಕು. ಅರಾನುಯಿ ಅಕ್ಕಿ, ಸಿಮೆಂಟು ಇಳಿಸಿ ಕೊಬ್ಬರಿ ತುಂಬಿಕೊಂಡು ಬರುತ್ತದೆ. ಊರಿನ ಜನ ಅದಕ್ಕಾಗಿ ಕಾಯುತ್ತಿರುತ್ತಾರೆ. ಅಂಥ ಪ್ರವಾಸದಲ್ಲಿ ಕಡಲ ದಿನಗಳಿಗೂ ಅರ್ಥ ಇದೆ. ಆದರೆ ಲಗೂನ್ ನೋಡಲು ಹೊರಟವರು "ದಿನಕ್ಕೆ ಹಾಕಿದರೆ 14 ರಾತ್ರಿಯದೇ ಅಗ್ಗ" ಅಂತ ಅದನ್ನು ಹಿಡಿದರೆ, ದುಡ್ಡು ಕೊಟ್ಟು ಕೊಳ್ಳುವುದು ಹೆಚ್ಚಾಗಿ ಖಾಲಿ ಕಡಲನ್ನೇ.

ಅತ್ತೆಯನ್ನು ಒಪ್ಪಿಸಿದ್ದು ಇನ್ನೊಂದು ಲೆಕ್ಕ. ಹಡಗು ಲಗೂನ್ ಒಳಗೆ ಲಂಗರು ಹಾಕಿದರೆ ಅಲುಗಾಟ ಇರುವುದಿಲ್ಲ ಅನ್ನಬಹುದು. ಸುತ್ತಲಿನ ಹವಳದ ದಂಡೆ ಅಲೆಗಳನ್ನು ಹೊರಗೇ ತಡೆಯುತ್ತದೆ. ತೂಗಾಟ ಶುರುವಾಗುವುದು ದಂಡೆಯ ಕಿಂಡಿ ದಾಟಿ ತೆರೆದ ಕಡಲಿಗೆ ಬಂದಾಗ. ನಮ್ಮ ದಾರಿಯಲ್ಲಿ ಉದ್ದದ ತೆರೆದ ಕಡಲು ಇದ್ದದ್ದು ಎರಡೇ ಕಡೆ. ಮೊರೆಯಾದಿಂದ ರಯಾಟೆಯಕ್ಕೆ ಹೋಗುವಾಗ ಒಂದು ರಾತ್ರಿ, ಹುವಹೀನೆಯಿಂದ ಟಹೀಟಿಗೆ ಮರಳುವಾಗ ಒಂದು ರಾತ್ರಿ. ಉಳಿದದ್ದೆಲ್ಲ ಕೆಲವೇ ಗಂಟೆಗಳ ದಾರಿ. "ಎರಡೇ ರಾತ್ರಿ ಆದರೆ ಮಾತ್ರೆ ನುಂಗಿ ಮಲಗಿದರಾಯಿತು" ಎಂದರು ಅತ್ತೆ. ಹಾಗೇ ಮಾಡಿದರು. ವಯಸ್ಸಾದವರನ್ನು ಕರೆದೊಯ್ಯುವವರು ಒಟ್ಟು ರಾತ್ರಿ ಎಷ್ಟು ಅಂತ ಕೇಳುವ ಬದಲು, ತೆರೆದ ಕಡಲಿನ ರಾತ್ರಿ ಎಷ್ಟು ಅಂತ ಕೇಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. 7 ರಾತ್ರಿ ಅಂದರೆ 7 ದಿನದ ತಿರುಗಾಟ ಅಲ್ಲ. ಹತ್ತಿದ ದಿನ ಸಾಮಾನು ಜೋಡಿಸುವುದರಲ್ಲಿ, ಸುರಕ್ಷತಾ ಅಭ್ಯಾಸದಲ್ಲಿ ಹೋಗುತ್ತದೆ. ಕೊನೆಯ ದಿನ ತಿಂಡಿ ಮುಗಿಯುತ್ತಿದ್ದಂತೆ ಇಳಿಯಬೇಕು. ಕೈಗೆ ಸಿಗುವುದು 6 ಹಗಲು.

ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಒಣ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯದಿಂದ ಮರಾಮು ಅನ್ನುವ ಗಾಳಿ ಜೋರಾಗಿ ಬೀಸುತ್ತದೆ. ಸೆಪ್ಟೆಂಬರಿಗೆ ಅದು ಸ್ವಲ್ಪ ತಣ್ಣಗಾಗಿರುತ್ತದೆ. ಅಂಟಾರ್ಕ್ಟಿಕದ ಕಡೆಯಿಂದ ಮರಿ ಹಾಕಲು ಬಂದ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಆಗ ಅಲ್ಲೇ ಇರುತ್ತವೆ.

ತಹಾ ದ್ವೀಪದಲ್ಲಿ ಅತ್ತೆ ನಮಗೆಲ್ಲ ಗುರುವಾದರು. ಅದು ವೆನಿಲ್ಲಾ ಬೆಳೆಯುವ ದ್ವೀಪ. ಇಳಿದ ಕೂಡಲೇ ಗಾಳಿಯಲ್ಲೇ ವಾಸನೆ. ತೋಟದವರು ಪರಾಗಸ್ಪರ್ಶದ ಬಗ್ಗೆ ಹೇಳಲು ಶುರುಮಾಡಿದರು. ಹೂ ಅರಳಿರುವುದು ಒಂದೇ ಬೆಳಗ್ಗೆ, ಅಷ್ಟರಲ್ಲಿ ಒಂದೊಂದು ಹೂವನ್ನೂ ಕೈಯಾರೆ ಕೂಡಿಸಬೇಕು. ಅತ್ತೆ ಒಂದು ಕಡ್ಡಿ ಕೇಳಿ ತೆಗೆದುಕೊಂಡು, ಹೂವಿಲ್ಲದ ಬಳ್ಳಿಯ ಮುಂದೆಯೇ ಬೆರಳಲ್ಲಿ ಮಾಡಿ ತೋರಿಸಿದರು. 2000ದ ಆಚೀಚೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ವೆನಿಲ್ಲಾ ಹುಚ್ಚು ಹಿಡಿದಿತ್ತಲ್ಲ, ಆಗ ಅವರ ಅಡಿಕೆ ತೋಟದಲ್ಲೂ ಬಳ್ಳಿ ಹಬ್ಬಿಸಿದ್ದರು. ಆಮೇಲೆ ಬೆಲೆ ಕುಸಿದು ಎಲ್ಲರೂ ಕಿತ್ತು ಹಾಕಿದರು. ತಹಾದವರು ಬಿಡಲಿಲ್ಲ. ಅವರ ವೆನಿಲ್ಲಾ ಬೇರೆಯದೇ ಜಾತಿ, ಕೋಡು ದಪ್ಪ, ಘಮವೂ ಬೇರೆ. ಅತ್ತೆ ಮತ್ತು ತೋಟದ ಯಜಮಾನಿ ಕೋಡು ಒಣಗಿಸುವ ಕ್ರಮದ ಬಗ್ಗೆ ಬಹಳ ಹೊತ್ತು ಮಾತಾಡಿದರು, ನಡುವೆ ನಾನು ದುಭಾಷಿ. ಅಷ್ಟರಲ್ಲಿ ದೋಣಿಯವರು ಕರೆದರು. ಹಡಗಿಗೆ ಮರಳುವ ಕೊನೆಯ ದೋಣಿ ಯಾರಿಗೂ ಕಾಯುವುದಿಲ್ಲ.

ರಯಾಟೆಯದಲ್ಲೂ ಹೀಗೇ ಆಯಿತು. ಅಲ್ಲಿನ ತಪುತಪುಆಟೆಯ ಒಂದು ಮರಾಯೆ, ಅಂದರೆ ಹಳೆಯ ಪಾಲಿನೇಷ್ಯನ್ನರ ಪೂಜೆಯ, ಸಭೆಯ ಜಾಗ. 2017ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಡಲ ಅಂಚಿಗೇ ಕಪ್ಪು ಕಲ್ಲಿನ ಹಾಸು, ನೆಟ್ಟ ಹವಳದ ಚಪ್ಪಡಿಗಳು, ಎದುರಿಗೆ ಹವಳದ ದಂಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದಲೇ ದೊಡ್ಡ ದೋಣಿಗಳು ದೂರದ ದ್ವೀಪಗಳಿಗೆ ಹೋಗುತ್ತಿದ್ದವು, ಬರುತ್ತಿದ್ದವು. ಈ ದ್ವೀಪದಲ್ಲಿ ಹುಟ್ಟಿದ ಟುಪಾಯಾ ಎಂಬ ಪೂಜಾರಿ 1769ರಲ್ಲಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಹತ್ತಿದ. ಅವನು ಕೊಟ್ಟ ವಿವರದಿಂದ ಬರೆದ ನಕ್ಷೆಯಲ್ಲಿ 70ಕ್ಕೂ ಜಾಸ್ತಿ ದ್ವೀಪಗಳಿವೆ. ಕಾಗದ, ದಿಕ್ಸೂಚಿ ಯಾವುದೂ ಇಲ್ಲದೆ ಅಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದ. ಯಾವ ದ್ವೀಪ ಎಷ್ಟು ದೂರ ಅಂತ ಕೇಳಿದರೆ ಇಷ್ಟು ದಿನದ ಪಯಣ ಅಂತ ಹೇಳುತ್ತಿದ್ದ. ಮರುವರ್ಷವೇ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕಾಯಿಲೆಯಿಂದ ತೀರಿಕೊಂಡ. ನಾವು ಮೇಜಿನ ಮೇಲೆ ಹಾಕಿದ ಲೆಕ್ಕವನ್ನೇ ಆತ ನೂರಾರು ವರ್ಷಗಳ ಹಿಂದೆ ನಕ್ಷತ್ರ, ಅಲೆ, ಹಕ್ಕಿ ನೋಡಿ ಹಾಕುತ್ತಿದ್ದ. ನನಗೆ ಈ ಇಡೀ ಪ್ರವಾಸದಲ್ಲಿ ಅತಿ ದೊಡ್ಡ ಜಾಗ ಅನ್ನಿಸಿದ್ದು ಇದೇ. ನಮ್ಮ ಗುಂಪಿಗೆ ಅಲ್ಲಿ ಕೊಟ್ಟದ್ದು ಮಾತ್ರ ಗಡಿಬಿಡಿಯ ಸ್ವಲ್ಪ ಹೊತ್ತು.

ಬೋರಾ ಬೋರಾದಲ್ಲಿ ಹಡಗು ಎರಡು ದಿನ ನಿಂತಿತು. ಅಲ್ಲಿ ಅಷ್ಟು ಬೇಕು, ಅದಕ್ಕಿಂತ ಜಾಸ್ತಿ ಬೇಡ. 727 ಮೀಟರ್ ಎತ್ತರದ ಒಟೆಮಾನು ಶಿಖರವನ್ನು ಬೆಳಗ್ಗೆ ಒಂದು ಬಣ್ಣದಲ್ಲಿ, ಸಂಜೆ ಇನ್ನೊಂದು ಬಣ್ಣದಲ್ಲಿ ನೋಡಬಹುದು. ಮಧ್ಯಾಹ್ನ ನೀರಿಗಿಳಿದು ತೊರಕೆ (ಸ್ಟಿಂಗ್‌ರೇ) ಮೀನುಗಳ ನಡುವೆ ನಿಲ್ಲಬಹುದು. ಎರಡನೇ ಮಹಾಯುದ್ಧದಲ್ಲಿ, 1942ರಿಂದ, ಇಲ್ಲಿ ಅಮೆರಿಕದ ಸೇನೆಯ ನೆಲೆ ಇತ್ತು. ಅವರು ಗುಡ್ಡದ ಮೇಲೆ ಇಟ್ಟ ಫಿರಂಗಿಗಳು ಇನ್ನೂ ಇವೆ. ಅವರು ಮಾಡಿದ ರನ್‌ವೇ ಮೇಲೇ ಇವತ್ತಿಗೂ ವಿಮಾನ ಇಳಿಯುತ್ತದೆ. ನೀರಿನ ಮೇಲಿನ ಕುಟೀರಗಳ ಬಾಡಿಗೆ ನೋಡಿದವರಿಗೆ ಗೊತ್ತು, ಬೋರಾ ಬೋರಾವನ್ನು ಹಡಗಿನಿಂದ ನೋಡುವುದೇ ಜೇಬಿಗೆ ಹಗುರ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ಸಸ್ಯಾಹಾರ ಅಂತ ಮೊದಲೇ ಬರೆದು ತಿಳಿಸಿದ್ದೆವು. ಅನ್ನ, ಬೇಳೆ, ಪಲ್ಯ ದಿನವೂ ಸಿಕ್ಕಿತು. ಉಪ್ಪಿನಕಾಯಿ ನಮ್ಮದೇ ಇತ್ತು.

ಹಡಗು ಇಳಿದ ಮೇಲೆ ನಾವು ಮನೆಗೆ ಹೊರಡಲಿಲ್ಲ. ಉಳಿದ ರಜೆಯನ್ನು ಮೊರೆಯಾದಲ್ಲಿ, ಅಡುಗೆಮನೆ ಇರುವ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಕಳೆದೆವು. ಪಪೀಟೆಯಿಂದ ಫೆರ್ರಿ ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ದ್ವೀಪದ ಸುತ್ತ ಸುಮಾರು 60 ಕಿಲೋಮೀಟರ್ ರಸ್ತೆ. ಹಡಗಿನವರು ಮೊರೆಯಾ ತೋರಿಸಿಯೇ ಇದ್ದರು. ಓಪುನೋಹು ಕೊಲ್ಲಿ, ಮೇಲಿನ ಬೆಲ್ವೆಡೇರ್ ಕಟ್ಟೆ, ಅನಾನಸ್ ತೋಟ ಎಲ್ಲ ಅರ್ಧ ದಿನದಲ್ಲಿ ಮುಗಿದಿತ್ತು. ಆದರೆ ದ್ವೀಪ ನಮಗೆ ಗೊತ್ತಾಗಿದ್ದು ಎರಡನೇ ಸಲ ಬಂದಾಗಲೇ.

ರಸ್ತೆ ಬದಿಯ ಪುಟ್ಟ ಚಪ್ಪರದಲ್ಲಿ ಜೀಗುಜ್ಜೆ ಸಿಗುತ್ತಿತ್ತು. ಅಲ್ಲಿನವರು ಅದನ್ನು ಉರು ಅನ್ನುತ್ತಾರೆ, ಕೆಂಡದಲ್ಲಿ ಇಡಿಯಾಗಿ ಸುಡುತ್ತಾರೆ. 1788ರಲ್ಲಿ ಬೌಂಟಿ ಹಡಗು ಟಹೀಟಿಗೆ ಬಂದದ್ದೇ ಇದರ ಸಸಿಗಳನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ಯಲು. ಅತ್ತೆ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರು, ಪಕ್ಕದ ಮನೆಗೂ ಒಂದು ಬಟ್ಟಲು ಹೋಯಿತು. ಅಲ್ಲಿಂದ ಮರುದಿನ ದೊಡ್ಡ ಚಕ್ಕೋತ ಬಂತು.

ಉಬ್ಬರದ ವಿಷಯ ಕಂಡುಹಿಡಿದದ್ದೂ ಅತ್ತೆಯೇ. ಅವರು ಮಲ್ಪೆ ಕಡಲ ಪಕ್ಕ ಬೆಳೆದವರು. ನಮ್ಮಲ್ಲಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಇಲ್ಲಿ ಹಾಗಿಲ್ಲ. ದಿನಾ ಮಧ್ಯಾಹ್ನದ ಊಟದ ಹೊತ್ತಿಗೇ ನೀರು ಮೆಟ್ಟಿಲ ಅದೇ ಗುರುತಿಗೆ ಬರುತ್ತಿತ್ತು. "ಈ ಕಡಲು ಗಡಿಯಾರ ನೋಡಿ ಏರುತ್ತದಲ್ವಾ?" ಎಂದರು. ಅದು ನಿಜ. ಚಂದ್ರನಿಂದ ಏಳುವ ಉಬ್ಬರ ಟಹೀಟಿಯ ಸುತ್ತ ತೀರಾ ಕಡಿಮೆ, ಹಾಗಾಗಿ ಸೂರ್ಯನದೇ ಮೇಲುಗೈ. ಉಬ್ಬರ ಹೆಚ್ಚುಕಡಿಮೆ ದಿನವೂ ನಡುಮಧ್ಯಾಹ್ನಕ್ಕೆ, ನಡುರಾತ್ರಿಗೆ. ಏರಿಳಿತವೂ ಒಂದು ಅಡಿಯಷ್ಟೇ. ದಿನಕ್ಕೊಂದು ದ್ವೀಪ ಬದಲಿಸುವ ಹಡಗಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಒಂದೇ ಮೆಟ್ಟಿಲ ಮೇಲೆ ದಿನಾ ಕೂತವರಿಗೆ ಮಾತ್ರ ಕಾಣುತ್ತದೆ. ಹಡಗು 7 ರಾತ್ರಿ ಸಾಕು, ಮಿಕ್ಕಿದ್ದು ನೆಲದ ಮೇಲಿರಲಿ ಅಂತ ನಾನು ಹಟ ಹಿಡಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿಲ್ಲ.

ಕ್ಯಾಲಿಫೋರ್ನಿಯಾದಿಂದ ಹೋಗುವವರಿಗೆ ಒಂದು ಅನುಕೂಲ ಇದೆ. ನೇರ ವಿಮಾನ ಎಂಟು ಗಂಟೆ ಚಿಲ್ಲರೆ, ಸಮಯದ ವ್ಯತ್ಯಾಸ ಎರಡು ಮೂರು ಗಂಟೆ ಅಷ್ಟೇ. ಮೈ ಮೊದಲ ದಿನವೇ ಹೊಂದಿಕೊಳ್ಳುತ್ತದೆ. ಬೆಂಗಳೂರಿನಿಂದ ಹೊರಡುವವರ ಲೆಕ್ಕ ಬೇರೆ. ಟಹೀಟಿ ನಮ್ಮ ಊರಿಗಿಂತ 15 ಗಂಟೆ 30 ನಿಮಿಷ ಹಿಂದೆ. ನಾವು ಸಂಜೆ 5ಕ್ಕೆ ಫೋನ್ ಮಾಡಿದರೆ ಉಡುಪಿಯಲ್ಲಿ ಮರುದಿನ ಬೆಳಗ್ಗೆ 8.30. ನೇರ ವಿಮಾನ ಇಲ್ಲ, ಹೋಗುವುದಕ್ಕೇ ಒಂದೂವರೆ ದಿನ ಬೇಕು. ಅಂಥವರು ಹಡಗು ಹೊರಡುವ ದಿನವೇ ಪಪೀಟೆ ತಲುಪುವ ಹಾಗೆ ಟಿಕೆಟ್ ಮಾಡಬಾರದು. ಎರಡು ದಿನ ಮೊದಲೇ ಬಂದು ನಿದ್ದೆ ಸರಿ ಮಾಡಿಕೊಳ್ಳಿ. ವಿಮಾನ ತಡವಾದರೂ ಹಡಗು ತಪ್ಪುವುದಿಲ್ಲ. ವೀಸಾ ಕೂಡ ನೋಡಿಕೊಳ್ಳಿ. ಇದು ಫ್ರಾನ್ಸಿಗೆ ಸೇರಿದ್ದು, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ವಲಯದಲ್ಲಿಲ್ಲ. ನಿಮ್ಮ ವೀಸಾ ಫ್ರೆಂಚ್ ಪಾಲಿನೇಷ್ಯಾಕ್ಕೂ ನಡೆಯುತ್ತದೆಯೇ ಅಂತ ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಎಲ್ಲ ಸೇರಿ ಎರಡು ವಾರಕ್ಕಿಂತ ಕಡಿಮೆ ರಜೆ ಇದ್ದರೆ, ಬೆಂಗಳೂರಿನಿಂದ ಬರುವವರಿಗೆ ನಾನು ಹಡಗನ್ನೇ ಬಿಡಿ ಅನ್ನುತ್ತೇನೆ. ಫೆರ್ರಿಯಲ್ಲಿ ಮೊರೆಯಾಕ್ಕೆ ಹೋಗಿ. ಅಲ್ಲಿಂದ ಸಣ್ಣ ವಿಮಾನದಲ್ಲಿ ಹುವಹೀನೆಗೆ ಹೋಗಿ. ಅದು ಇನ್ನೂ ಹಳ್ಳಿಯಾಗಿಯೇ ಉಳಿದಿರುವ ದ್ವೀಪ. ಮಯೇವಾದಲ್ಲಿ ಕೆರೆಯ ಪಕ್ಕ ಹಳೆಯ ಮರಾಯೆಗಳಿವೆ, ಫಾಯೆಯ ತೊರೆಯಲ್ಲಿ ನೀಲಿ ಕಣ್ಣಿನ ದಪ್ಪ ಹಾವುಮೀನುಗಳು ಕೈಯಿಂದಲೇ ತುತ್ತು ತಿನ್ನುತ್ತವೆ. ಎರಡೇ ದ್ವೀಪ, ಆದರೆ ಎರಡರಲ್ಲೂ ಸಂಜೆ ದೋಣಿಗೆ ಓಡಬೇಕಾದ ಅವಸರ ಇರುವುದಿಲ್ಲ.